ನೆನಪು ಅಳಿದ ಮೇಲೆ ಉಳಿಯುವ ಕುರುಹು

"ನೀವು ಯಾರು?" ಎಂದು ಅಪರಿಚಿತರು ಕೇಳಿದರೆ ಉತ್ತರಿಸುವುದು ಕಷ್ಟವಲ್ಲ. ಹೆಸರು, ತಂದೆಯ ಹೆಸರು, ಊರು, ಮನೆತನ, ಮಾಡುವ ಕಾಯಕ ಇವನ್ನು ಹೇಳುತ್ತೇವೆ. ಕೇಳಿದವರಿಗೆ ಇನ್ನೂ ಸಂಶಯವಿದ್ದರೆ ಆಧಾರ್ ಕಾರ್ಡನ್ನೋ ಪಡಿತರ ಚೀಟಿಯನ್ನೋ ತೋರಿಸುತ್ತೇವೆ. ಇದೇ ಪ್ರಶ್ನೆಗೆ ನಮಗೆ ನಾವೇ ಪುರಾವೆ ಒದಗಿಸಬೇಕಾದ ಪ್ರಸಂಗ ಮಾತ್ರ ಸಾಮಾನ್ಯರ ಬಾಳಿನಲ್ಲಿ ಬರುವುದಿಲ್ಲ. ಬೆಳಗ್ಗೆ ಎಚ್ಚರವಾದಾಗ, ನಿನ್ನೆ ರಾತ್ರಿ ಮಲಗಿದವರು ನಾವೇ ಎಂಬುದಕ್ಕೆ ಯಾರೂ ಸಾಕ್ಷಿ ಹುಡುಕುವುದಿಲ್ಲ. ನೆನಪು ಆ ಕೆಲಸವನ್ನು ಸದ್ದಿಲ್ಲದೆ ಮಾಡಿ ಮುಗಿಸಿರುತ್ತದೆ. ಆ ನೆನಪೇ ಅಳಿದುಹೋದರೆ, ತಾನು ಯಾರೆಂಬುದನ್ನು ಮನುಷ್ಯನು ತನಗೆ ತಾನೇ ಹೇಗೆ ಖಚಿತಪಡಿಸಿಕೊಳ್ಳಬೇಕು?

ಇದು ಕೇವಲ ತಾರ್ಕಿಕರ ಕುತೂಹಲದ ಪ್ರಶ್ನೆಯಾಗಿ ಉಳಿದಿಲ್ಲ. ಶ್ರೀಮಠಕ್ಕೆ ಬರುವ ಸದ್ಭಕ್ತರಲ್ಲಿ ಅನೇಕರು ತಮ್ಮ ಮನೆಯ ಹಿರಿಯರ ಮರೆವಿನ ಬಗೆಗೆ ನಮ್ಮ ಕಚೇರಿಯಲ್ಲಿ ಕುಳಿತು ಸಂಕಟ ತೋಡಿಕೊಳ್ಳುತ್ತಾರೆ. "ತಮ್ಮ ಹೆಸರೇ ಅವರಿಗೆ ನೆನಪಿಲ್ಲ, ಇನ್ನು ಅವರು ಅವರಾಗಿ ಉಳಿದಿದ್ದಾರೆಯೇ?" ಎಂದು ಕೇಳಿದವರೂ ಇದ್ದಾರೆ. ಈ ಪ್ರಶ್ನೆಯನ್ನು ಕುರಿತು ವೈದ್ಯರೂ ದಾರ್ಶನಿಕರೂ ನ್ಯಾಯಾಲಯಗಳೂ ಕಂಡುಕೊಂಡ ಕೆಲವು ಸಂಗತಿಗಳನ್ನು ಇಲ್ಲಿ ವಿವರಿಸಲು ಯತ್ನಿಸಿದ್ದೇವೆ.

ಮೊದಲಿಗೆ ತಿಳಿಯಬೇಕಾದುದು, ನೆನಪು ಎಂಬುದು ಒಂದೇ ಕಣಜವಲ್ಲ. ಎಂಡೆಲ್ ಟಲ್ವಿಂಗ್ ಎಂಬ ಮನೋವಿಜ್ಞಾನಿ 1972ರಲ್ಲಿ ನೆನಪಿನ ಎರಡು ಬಗೆಗಳನ್ನು ಸ್ಪಷ್ಟವಾಗಿ ಬೇರ್ಪಡಿಸಿದರು. ತಾನು ಕಂಡು ಅನುಭವಿಸಿದ ಘಟನೆಗಳ ನೆನಪು ಒಂದು. ಲೋಕದ ಸಂಗತಿಗಳ ತಿಳಿವಳಿಕೆ ಇನ್ನೊಂದು. ಮದುವೆಯ ದಿನ ಮಳೆ ಬಂದದ್ದು, ಹಂದರ ಸೋರಿದ್ದು ಮೊದಲನೆಯ ಬಗೆ. ಮದುವೆಯಾದ ವರ್ಷ ಯಾವುದೆಂಬುದು ಎರಡನೆಯದು. ಇವೆರಡರ ಜೊತೆಗೆ ಮೂರನೆಯದೊಂದುಂಟು: ಕೈ ಕಾಲುಗಳು ರೂಢಿಸಿಕೊಂಡ ಅಭ್ಯಾಸದ ನೆನಪು. ಈಜು, ಸೈಕಲ್ ಸವಾರಿ, ನೇಯ್ಗೆ, ರೊಟ್ಟಿ ಬಡಿಯುವುದು ಇವೆಲ್ಲ ಅದರ ಪಾಲು. ಮೆದುಳಿಗೆ ಪೆಟ್ಟಾದಾಗ ಈ ಮೂರೂ ಒಟ್ಟಿಗೆ ಹೋಗುವುದು ಅಪರೂಪ. ಒಂದು ಅಳಿದು ಮತ್ತೊಂದು ಉಳಿಯುತ್ತದೆ. 1953ರಲ್ಲಿ ಅಮೆರಿಕದ ಹೆನ್ರಿ ಮೊಲೈಸನ್ ಎಂಬ ತರುಣನಿಗೆ ಮೂರ್ಛೆರೋಗದ ನಿವಾರಣೆಗಾಗಿ ಮೆದುಳಿನ ಶಸ್ತ್ರಚಿಕಿತ್ಸೆ ನಡೆಯಿತು. ಆ ಬಳಿಕ ಹೊಸ ಘಟನೆಗಳು ಅವನಲ್ಲಿ ನಿಲ್ಲದಾದವು. ಬ್ರೆಂಡಾ ಮಿಲ್ನರ್ ಎಂಬ ವಿಜ್ಞಾನಿ ಅವನಿಗೆ ಕನ್ನಡಿಯಲ್ಲಿ ಕೈಯನ್ನು ನೋಡುತ್ತಾ ನಕ್ಷತ್ರದ ಆಕಾರವನ್ನು ತಿದ್ದುವ ಕೆಲಸ ಕೊಟ್ಟರು. ದಿನದಿಂದ ದಿನಕ್ಕೆ ಅವನ ಕೈ ಪಳಗುತ್ತಾ ಹೋಯಿತು. ಆದರೆ ಪ್ರತಿದಿನವೂ ಅವನಿಗೆ ಅದು ಹಿಂದೆಂದೂ ಮಾಡದ ಹೊಸ ಕೆಲಸವೇ ಆಗಿತ್ತು. ಕೈ ಕಲಿತದ್ದು ಮನಸ್ಸಿಗೆ ತಿಳಿದಿರಲಿಲ್ಲ.

ಟಲ್ವಿಂಗರೇ ದೀರ್ಘಕಾಲ ಅಧ್ಯಯನ ಮಾಡಿದ ಕೆನಡಾದ ವ್ಯಕ್ತಿಯೊಬ್ಬರ ಸಂಗತಿ ನಮ್ಮ ವಿಷಯಕ್ಕೆ ಇನ್ನೂ ಸಮೀಪದ್ದು. ವೈದ್ಯಕೀಯ ಸಾಹಿತ್ಯದಲ್ಲಿ ಕೆ.ಸಿ. ಎಂಬ ಅಕ್ಷರಗಳಿಂದ ಪ್ರಸಿದ್ಧರಾದ ಇವರು 1981ರಲ್ಲಿ ಮೋಟಾರ್ ಸೈಕಲ್ ಅಪಘಾತಕ್ಕೆ ಸಿಲುಕಿದರು. ಅನಂತರ ತಮ್ಮ ಇಡೀ ಬದುಕಿನ ಒಂದೇ ಒಂದು ಘಟನೆಯನ್ನೂ ಒಳಗಿನಿಂದ ನೆನೆಯಲಾರದವರಾದರು. ಭಾಷೆ ಇತ್ತು, ಗಣಿತವಿತ್ತು, ಚದುರಂಗ ಆಡುವುದು ಗೊತ್ತಿತ್ತು. ಎಂದಾದರೂ ಯಾರೊಂದಿಗಾದರೂ ಆಡಿದ ಒಂದು ಆಟವಿತ್ತೇ ಎಂದರೆ ಅಲ್ಲಿ ಬರಿದು. ಅಪಘಾತದಿಂದ ಅವರ ಸ್ವಭಾವವೂ ಬದಲಾಗಿತ್ತು. ಮೊದಲು ಚುರುಕಿನ ಸಾಹಸಿಯಾಗಿದ್ದವರು ಈಗ ಮೃದುವಾಗಿ, ಮೌನಿಯಾಗಿದ್ದರು. ಟಲ್ವಿಂಗ್ ಅವರ ಮುಂದೆ ಗುಣಸೂಚಕ ಪದಗಳ ಪಟ್ಟಿಯೊಂದನ್ನಿಟ್ಟು, ಯಾವ ಯಾವ ಗುಣ ನಿಮಗೆ ಎಷ್ಟರ ಮಟ್ಟಿಗೆ ಸಲ್ಲುತ್ತದೆ ಎಂದು ಕೇಳಿದರು. ಅದೇ ಪಟ್ಟಿಯನ್ನು ತಾಯಿಗೂ ಕೊಟ್ಟು ಮಗನ ಗುಣಗಳನ್ನು ಕೇಳಿದರು. ತಾಯಿ ಹೇಳಿದ್ದಕ್ಕೂ ಮಗ ತನ್ನ ಬಗ್ಗೆ ತಾನು ಹೇಳಿದ್ದಕ್ಕೂ ಹೊಂದಾಣಿಕೆ ಕಂಡಿತು. ಅದೂ ಅಪಘಾತದ ನಂತರದ ಹೊಸ ಸ್ವಭಾವದ ವಿಷಯದಲ್ಲಿ! ತಾನು ಶಾಂತವಾಗಿ ವರ್ತಿಸಿದ ಒಂದು ಸಂದರ್ಭವೂ ನೆನಪಿಲ್ಲದೆ, ತಾನು ಶಾಂತನೆಂಬುದನ್ನು ಆ ವ್ಯಕ್ತಿ ಅರಿತಿದ್ದ. ಅಂದರೆ ತನ್ನನ್ನು ತಾನು ತಿಳಿಯುವುದಕ್ಕೆ ಘಟನೆಗಳ ನೆನಪೇ ಬೇಕೆಂದಿಲ್ಲ ಎಂದಾಯಿತು.

ಹಾಗಾದರೆ ತೊಂದರೆ ಎಲ್ಲಿದೆ? ಇದನ್ನು ಅರಿಯಲು ಬ್ರಿಟನ್ನಿನ ಸಂಗೀತಜ್ಞ ಕ್ಲೈವ್ ವೇರಿಂಗ್ ಅವರ ದಿನಚರಿಯನ್ನು ನೋಡಬೇಕು. 1985ರ ಮಾರ್ಚ್‌ನಲ್ಲಿ ವೈರಾಣುವೊಂದು ಅವರ ಮೆದುಳನ್ನು ಹೊಕ್ಕು, ನೆನಪನ್ನು ಕಾಯುವ ಭಾಗವನ್ನು ನಾಶಮಾಡಿತು. ಕೆಲವು ಕ್ಷಣಗಳ ಹಿಂದಿನದೂ ಅವರಲ್ಲಿ ನಿಲ್ಲದಾಯಿತು. ಪ್ರತಿ ಕ್ಷಣವೂ ಅವರಿಗೆ ದೀರ್ಘ ಮೂರ್ಛೆಯಿಂದ ಈಗಷ್ಟೇ ಎಚ್ಚೆತ್ತ ಅನುಭವ. ದಿನಚರಿಯಲ್ಲಿ ಅವರು ವೇಳೆಯನ್ನು ನಮೂದಿಸಿ, ತಾನು ಮೊದಲ ಸಲ ನಿಜವಾಗಿ ಎಚ್ಚೆತ್ತಿದ್ದೇನೆ ಎಂಬ ಅರ್ಥದ ಮಾತು ಬರೆಯುತ್ತಿದ್ದರು. ಕೆಲವು ನಿಮಿಷಗಳಲ್ಲಿ ಅದೇ ಪುಟ ಕಣ್ಣಿಗೆ ಬಿದ್ದಾಗ, ಮೇಲಿನ ಸಾಲನ್ನು ಹೊಡೆದುಹಾಕಿ, ಈಗ ಮಾತ್ರವೇ ನಿಜವಾಗಿ ಎಚ್ಚೆತ್ತಿದ್ದೇನೆಂದು ಮತ್ತೆ ಬರೆಯುತ್ತಿದ್ದರು. ಹೀಗೆಯೇ ಪುಟದ ನಂತರ ಪುಟ. ಅಕ್ಷರ ತಮ್ಮದೇ ಎಂಬುದನ್ನು ಅವರು ಅಲ್ಲಗಳೆಯುತ್ತಿರಲಿಲ್ಲ. ಆದರೆ ಅದನ್ನು ಎಚ್ಚರದಲ್ಲಿ ಬರೆದವನು ತಾನು ಎಂಬುದನ್ನು ಮಾತ್ರ ಒಪ್ಪುತ್ತಿರಲಿಲ್ಲ.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಸ್ವಂತ ಕೈಬರಹಕ್ಕಿಂತ ದೊಡ್ಡ ಪುರಾವೆ ಮತ್ತಾವುದಿದೆ? ಸಹಿ ತಾಳೆಯಾದರೆ ಬ್ಯಾಂಕಿನವರು ಹಣ ಕೊಡುತ್ತಾರೆ, ನೋಂದಣಿ ಕಚೇರಿಯವರು ಪತ್ರ ನೋಂದಾಯಿಸುತ್ತಾರೆ. ವೇರಿಂಗ್ ಅವರಿಗೆ ತಮ್ಮದೇ ಸಹಿ ಸಾಲಲಿಲ್ಲ. ಏಕೆಂದರೆ ಪುರಾವೆ ಎಂಬುದು ಯಾವಾಗಲೂ ಹೊರಗಿನಿಂದ ಬರುವಂಥದು. "ಇದು ನಿನ್ನದು" ಎಂದು ಅದು ಹೇಳೀತೇ ಹೊರತು "ಇದು ನನ್ನದು" ಎಂಬ ಒಳಗಿನ ಒಪ್ಪಿಗೆಯನ್ನು ಹುಟ್ಟಿಸಲಾರದು. ನೆನಪಿರುವವರಲ್ಲಿ ಈ ಒಪ್ಪಿಗೆ ಕೇಳದೆಯೇ ಬಂದಿರುವುದರಿಂದ ಅದು ಬೇರೆಯೇ ಒಂದು ವಸ್ತುವೆಂದು ನಮಗೆ ಹೊಳೆಯುವುದಿಲ್ಲ.

ಇಂಗ್ಲೆಂಡಿನ ದಾರ್ಶನಿಕ ಜಾನ್ ಲಾಕ್ 1694ರಲ್ಲಿ ಹೊರತಂದ ತನ್ನ ಗ್ರಂಥದ ಎರಡನೆಯ ಆವೃತ್ತಿಯಲ್ಲಿ, ಮನುಷ್ಯನು ತನ್ನ ಹಿಂದಿನ ಕೃತ್ಯಗಳನ್ನು ಎಲ್ಲಿಯವರೆಗೆ ಪ್ರಜ್ಞೆಯಿಂದ ತನ್ನವೆಂದು ನೆನೆಯಬಲ್ಲನೋ ಅಲ್ಲಿಯವರೆಗೆ ಮಾತ್ರ ಅವನು ಅದೇ ವ್ಯಕ್ತಿ ಎಂದು ವಾದಿಸಿದ. ಥಾಮಸ್ ರೀಡ್ 1785ರಲ್ಲಿ ಇದಕ್ಕೊಂದು ಸೊಗಸಾದ ಆಕ್ಷೇಪವೆತ್ತಿದ. ತೋಟದಲ್ಲಿ ಹಣ್ಣು ಕದ್ದು ಏಟು ತಿಂದ ಬಾಲಕನೊಬ್ಬ ಮುಂದೆ ಯುದ್ಧದಲ್ಲಿ ಶತ್ರುವಿನ ಧ್ವಜ ಕಿತ್ತುಕೊಂಡ ಅಧಿಕಾರಿಯಾಗುತ್ತಾನೆ, ಮುಪ್ಪಿನಲ್ಲಿ ಸೇನಾಪತಿಯಾಗುತ್ತಾನೆ. ಅಧಿಕಾರಿಗೆ ಬಾಲ್ಯದ ಏಟು ನೆನಪಿದೆ, ಸೇನಾಪತಿಗೆ ಧ್ವಜ ನೆನಪಿದೆ, ಆದರೆ ಏಟು ಮರೆತಿದೆ. ಲಾಕ್‌ನ ಮಾತಿನಂತೆ ಸೇನಾಪತಿಯೇ ಅಧಿಕಾರಿ, ಅಧಿಕಾರಿಯೇ ಬಾಲಕ. ಆದರೆ ಸೇನಾಪತಿ ಬಾಲಕನಲ್ಲ! ನಮ್ಮ ನೈಯಾಯಿಕರು ಇದಕ್ಕೆ ಬಹಳ ಮೊದಲೇ, ಹಿಂದೆ ಕಣ್ಣಿನಿಂದ ಕಂಡ ವಸ್ತುವನ್ನೇ ಈಗ ಕೈಯಿಂದ ಮುಟ್ಟುತ್ತಿದ್ದೇನೆಂಬ ಪ್ರತ್ಯಭಿಜ್ಞೆಯ ಬಲದಿಂದ, ಕಂಡವನೂ ಮುಟ್ಟಿದವನೂ ಒಬ್ಬನೇ ಎಂದು ಸಾಧಿಸಿದ್ದರು. ಈ ವಾದವೂ ನೆನಪಿನ ಮೇಲೆಯೇ ನಿಂತಿದೆಯೆಂಬುದನ್ನು ಗಮನಿಸಬೇಕು. ವೇರಿಂಗ್ ಅವರಂಥವರಿಗೆ ಇದು ನೆರವಾಗದು. ಅವರಿಗೆ ನೆರವಾಗುವಂಥದು, ನಮ್ಮ ಅಭಿಪ್ರಾಯದಲ್ಲಿ, ಶಂಕರಾಚಾರ್ಯರು ಬ್ರಹ್ಮಸೂತ್ರ ಭಾಷ್ಯದಲ್ಲಿ ತೋರಿಸುವ ಸರಳ ಸಂಗತಿ: ತಾನು ಇಲ್ಲವೆಂದು ಯಾರೊಬ್ಬರೂ ತಿಳಿಯುವುದಿಲ್ಲ. ಆ ದಿನಚರಿಯ ಹೊಡೆದುಹಾಕಿದ ಪ್ರತಿ ಸಾಲಿನಲ್ಲಿಯೂ "ಇದ್ದೇನೆ" ಎಂಬುದು ಉಳಿದೇ ಇತ್ತು. ಅಳಿದದ್ದು "ಯಾರು" ಎಂಬುದರ ಉತ್ತರ ಮಾತ್ರ.

"ಯಾರು" ಎಂಬ ಈ ಉತ್ತರವನ್ನು ಲೋಕವೇ ಹುಡುಕಿಕೊಡಲು ಹೊರಟ ಎರಡು ಪ್ರಕರಣಗಳು ಕಳೆದ ಶತಮಾನದಲ್ಲಿ ನಡೆದವು. ಒಂದು ಫ್ರಾನ್ಸಿನದು, ಇನ್ನೊಂದು ನಮ್ಮ ದೇಶದ್ದು.

ಮೊದಲ ಮಹಾಯುದ್ಧದ ಕಾಲದಲ್ಲಿ, 1918ರ ಫೆಬ್ರವರಿ 1ರಂದು, ಜರ್ಮನಿಯಿಂದ ಮರಳಿದ ಯುದ್ಧಕೈದಿಗಳ ನಡುವೆ ಲಿಯೋನ್ ನಗರದ ರೈಲು ನಿಲ್ದಾಣದಲ್ಲಿ ತಾನು ಯಾರೆಂದು ಹೇಳಲಾರದ ಸೈನಿಕನೊಬ್ಬ ಸಿಕ್ಕಿದ. ಅವನು ತೊದಲಿದ್ದನ್ನು ಆಧರಿಸಿ ಆಂಥೆಲ್ಮ್ ಮಾಂಜಾಂ ಎಂಬ ಹೆಸರನ್ನು ಬರೆದುಕೊಂಡರು. ಆ ಹೆಸರಿನ ಸೈನಿಕ ಯಾವ ದಾಖಲೆಯಲ್ಲಿಯೂ ದೊರೆಯಲಿಲ್ಲ. ಪತ್ರಿಕೆಗಳಲ್ಲಿ ಅವನ ಭಾವಚಿತ್ರ ಪ್ರಕಟವಾದಾಗ, ಯುದ್ಧದಲ್ಲಿ ಕಾಣೆಯಾದ ಮಕ್ಕಳಿಗಾಗಿ, ಗಂಡಂದಿರಿಗಾಗಿ ಕಾಯುತ್ತಿದ್ದ ಹತ್ತಾರು ಕುಟುಂಬಗಳು ಈತ ನಮ್ಮವನೇ ಎಂದು ಮುಂದೆ ಬಂದವು. ಸುಳ್ಳು ಹೇಳುವ ಉದ್ದೇಶ ಅವರಲ್ಲಿ ಬಹುತೇಕರಿಗೆ ಇರಲಿಲ್ಲ. ಶವವೂ ಸಿಗದ ಮಗನ ತಾಯಿ ಯಾವ ಮುಖದಲ್ಲಿ ತಾನೇ ಮಗನನ್ನು ಕಾಣಲಾರಳು? ಕೊನೆಗೆ ಸೇಂಟ್ ಮೋರ್ ಎಂಬ ಹಳ್ಳಿಯ ಮಾಂಜ್ವಾಂ ಕುಟುಂಬದ ಹಕ್ಕು ಬಲವಾಗಿ ಕಂಡಿತು. ಅವನನ್ನು ಆ ಊರಿನ ನಿಲ್ದಾಣದಲ್ಲಿ ಇಳಿಸಿ ಹಿಂದಿನಿಂದ ಗಮನಿಸಿದರು. ಅವನು ಯಾರನ್ನೂ ದಾರಿ ಕೇಳದೆ ಊರೊಳಗೆ ನಡೆದ. ಚರ್ಚಿನ ಗೋಪುರ ಮೊದಲಿನಂತಿಲ್ಲವೆಂಬುದನ್ನು ಗುರುತಿಸಿದ. ತಂದೆಯ ಮನೆಗೂ ಹೋದ. ಆದರೆ ತಂದೆಯನ್ನು ಕಂಡು ಅವನ ಮುಖದಲ್ಲಿ ಯಾವ ಭಾವವೂ ಮೂಡಲಿಲ್ಲ. ಕಾಲುಗಳಿಗೆ ತಿಳಿದಿದ್ದುದು ಅವನಿಗೆ ತಿಳಿಯಲಿಲ್ಲ. ವ್ಯಾಜ್ಯ ಮುಂದುವರಿಯುತ್ತಲೇ ಹೋಯಿತು. ಅವನು ಆಸ್ಪತ್ರೆಯಲ್ಲಿಯೇ ಉಳಿದು 1942ರಲ್ಲಿ ತೀರಿಕೊಂಡ.

ನಮ್ಮ ದೇಶದ ಪ್ರಕರಣ ಭಾವಲ್ ಸಂನ್ಯಾಸಿಯದು. ಢಾಕಾ ಸಮೀಪದ ಭಾವಲ್ ಎಂಬ ದೊಡ್ಡ ಜಮೀನ್ದಾರಿಯ ಎರಡನೆಯ ಕುಮಾರ ರಮೇಂದ್ರ ನಾರಾಯಣ ರಾಯ್ 1909ರ ಮೇ ತಿಂಗಳಲ್ಲಿ ಡಾರ್ಜಿಲಿಂಗಿನಲ್ಲಿ ತೀರಿಕೊಂಡನೆಂದು ಸುದ್ದಿಯಾಯಿತು. ಸುಮಾರು 12 ವರ್ಷಗಳ ಬಳಿಕ ಮೈಗೆ ಬೂದಿ ಬಳಿದುಕೊಂಡ, ಜಟಾಧಾರಿ ಸಂನ್ಯಾಸಿಯೊಬ್ಬ ಢಾಕಾದ ನದೀತೀರದಲ್ಲಿ ಬಂದು ಕುಳಿತ. ಜನ ಅವನಲ್ಲಿ ಕುಮಾರನನ್ನು ಕಂಡರು. 1921ರ ಮೇ ತಿಂಗಳಲ್ಲಿ ಅವನೂ ತಾನೇ ಕುಮಾರನೆಂದು ಹೇಳಿದ. ಸ್ಮಶಾನದಿಂದ ನಾಗಾ ಸಾಧುಗಳು ತನ್ನನ್ನು ಎತ್ತಿಕೊಂಡು ಹೋಗಿ ಬದುಕಿಸಿದರೆಂದೂ, ವರ್ಷಗಟ್ಟಲೆ ತಾನು ಯಾರೆಂಬುದೇ ತಿಳಿಯದೆ ಅವರೊಂದಿಗೆ ಅಲೆದೆನೆಂದೂ, ನೆನಪು ಮೆಲ್ಲನೆ ಮರಳಿದಾಗ ಗುರುಗಳು ಮನೆಗೆ ಹೋಗೆಂದು ಕಳಿಸಿದರೆಂದೂ ಅವನ ಹೇಳಿಕೆ. ಸೋದರಿ ಅವನನ್ನು ಒಪ್ಪಿದಳು. ಪತ್ನಿ ಕೊನೆಯವರೆಗೂ ಒಪ್ಪಲಿಲ್ಲ.

ಈ ವ್ಯಾಜ್ಯದಲ್ಲಿ ಸಾವಿರಕ್ಕೂ ಹೆಚ್ಚು ಸಾಕ್ಷಿಗಳ ವಿಚಾರಣೆ ನಡೆಯಿತು. ನಮಗೆ ಇಲ್ಲಿ ಮುಖ್ಯವಾದುದು ಒಂದೇ ಸಂಗತಿ. ನೆನಪು ಕಳೆದುಕೊಂಡಿದ್ದೆನೆಂದು ಹೇಳುವವನನ್ನು ನೆನಪಿನ ಪ್ರಶ್ನೆಗಳಿಂದ ಪರೀಕ್ಷಿಸುವುದು ಹೇಗೆ? ಉತ್ತರ ತಪ್ಪಿದರೆ ಮರೆವೆಂದು ಒಂದು ಪಕ್ಷ, ಮೋಸವೆಂದು ಇನ್ನೊಂದು ಪಕ್ಷ. ಉತ್ತರ ಸರಿಯಾದರೆ ನೆನಪೆಂದು ಒಂದು ಪಕ್ಷ, ಯಾರೋ ಹೇಳಿಕೊಟ್ಟರೆಂದು ಇನ್ನೊಂದು ಪಕ್ಷ. ನ್ಯಾಯಾಧೀಶ ಪನ್ನಾಲಾಲ್ ಬಸು ಅವರು ಮೈಮೇಲಿನ ಗುರುತುಗಳಿಗೆ ಹೆಚ್ಚಿನ ತೂಕ ಕೊಟ್ಟರು: ಕಾಲಿನ ಒರಟು ಚರ್ಮ, ಗಾಡಿಯ ಚಕ್ರ ಹರಿದಾದ ಗಾಯದ ಕಲೆ, ಕಣ್ಣು ಕಿವಿಗಳ ರೂಪ, ಇವೆಲ್ಲ ಒಂದೇ ಮೈಯಲ್ಲಿ ಕೂಡಿಬಂದಿರುವ ಬಗೆ. 1936ರಲ್ಲಿ ತೀರ್ಪು ಸಂನ್ಯಾಸಿಯ ಪರವಾಯಿತು. ಕಲ್ಕತ್ತಾ ಹೈಕೋರ್ಟಿನ ಮೂವರು ನ್ಯಾಯಮೂರ್ತಿಗಳಲ್ಲಿ ಒಬ್ಬರು ಭಿನ್ನಮತ ಬರೆದರೂ ತೀರ್ಪು ಉಳಿಯಿತು. ಲಂಡನ್ನಿನ ಪ್ರಿವಿ ಕೌನ್ಸಿಲ್ 1946ರ ಜುಲೈ 30ರಂದು ಅದನ್ನು ಎತ್ತಿಹಿಡಿಯಿತು. ಕೆಲವೇ ದಿನಗಳಲ್ಲಿ ಅವನು ತೀರಿಕೊಂಡ. ಅವನು ನಿಜವಾಗಿಯೂ ಕುಮಾರನೇ ಎಂಬ ಬಗ್ಗೆ ಇತಿಹಾಸಕಾರರು ಇಂದಿಗೂ ಚರ್ಚಿಸುತ್ತಾರೆ. ನ್ಯಾಯಾಲಯ ಕೊಡಬಲ್ಲದ್ದು ಹೆಸರು ಮತ್ತು ಭೂಮಿ. ಸಂನ್ಯಾಸಿಯಾಗಿ ಕಳೆದ ವರ್ಷಗಳ ಬೆಳಗುಗಳಲ್ಲಿ ಅವನು ತನ್ನನ್ನು ಏನೆಂದು ತಿಳಿದಿದ್ದನೆಂಬುದನ್ನು ತೀರ್ಪು ಹೇಳಲಾರದು.

ಮರೆವು ಎಂದೊಡನೆ ಸಿನಿಮಾದಲ್ಲಿ ತಲೆಗೆ ಪೆಟ್ಟು ಬಿದ್ದು ಹೆಸರು ಮರೆತು, ಇನ್ನೊಂದು ಪೆಟ್ಟಿಗೆ ಎಲ್ಲವೂ ಮರಳುವ ಕಥೆ ನೆನಪಾಗುವುದು ಸಹಜ. ವಾಸ್ತವ ಹಾಗಿಲ್ಲ. ತನ್ನ ಹೆಸರನ್ನೂ ಗತಕಾಲವನ್ನೂ ಪೂರ್ಣವಾಗಿ ಮರೆಯುವುದು ಅಪರೂಪ. ಅಂಥ ಪ್ರಸಂಗಗಳಲ್ಲಿ ಅನೇಕ ವೇಳೆ ಕಾರಣ ಮನಸ್ಸಿನ ತೀವ್ರ ಆಘಾತ. ವಿಲಿಯಂ ಜೇಮ್ಸ್ ದಾಖಲಿಸಿದ ಆನ್ಸೆಲ್ ಬೋರ್ನ್ ಎಂಬ ಕ್ರೈಸ್ತ ಧರ್ಮೋಪದೇಶಕನ ಸಂಗತಿ ಇಂಥದು. 1887ರ ಜನವರಿಯಲ್ಲಿ ಅವನು ಬ್ಯಾಂಕಿನಿಂದ 551 ಡಾಲರ್ ತೆಗೆದುಕೊಂಡು ಕಾಣೆಯಾದ. ದೂರದ ನಾರಿಸ್‌ಟೌನ್ ಎಂಬ ಊರಿನಲ್ಲಿ ಎ. ಜೆ. ಬ್ರೌನ್ ಎಂಬ ಹೆಸರಿನಿಂದ ಸಣ್ಣ ಅಂಗಡಿ ಇಟ್ಟುಕೊಂಡು ಸುಮಾರು ಎರಡು ತಿಂಗಳು ನಿರಾತಂಕವಾಗಿ ಬದುಕಿದ. ಮಾರ್ಚ್ 14ರ ಬೆಳಗ್ಗೆ ಎದ್ದಾಗ ಅವನು ಮತ್ತೆ ಬೋರ್ನ್. ಅಂಗಡಿಯೂ ಊರೂ ಅವನಿಗೆ ಅಪರಿಚಿತ. ಬ್ರೌನ್ ಆಗಿದ್ದಾಗ ಅವನಿಗೆ ತಾನು ಯಾರೆಂಬ ಸಂಶಯವೇ ಇರಲಿಲ್ಲವೆಂಬುದು ಇಲ್ಲಿಯ ವಿಚಿತ್ರ. ತನ್ನ ಗುರುತಿನ ಬಗೆಗಿನ ದೃಢ ನಂಬಿಕೆಯೂ ಪುರಾವೆಯಲ್ಲ ಎಂದಾಯಿತಲ್ಲ!

ಮನೆಮನೆಗಳಲ್ಲಿ ನಾವು ಕಾಣುವುದು ಈ ಬಗೆಯದಲ್ಲ. ಮುಪ್ಪಿನಲ್ಲಿ ಮೆಲ್ಲನೆ ಬರುವ ಮರೆಗುಳಿತನ. ಇದರ ಬಗ್ಗೆ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬಯಸುತ್ತೇವೆ. ಶರಣರ ಪರಿಭಾಷೆಯಲ್ಲಿ ಅರಿವು, ಮರಹು, ಕುರುಹು ಎಂಬ ಪದಗಳಿವೆ. ಅಲ್ಲಿ ಮರಹು ಎಂದರೆ ನೆನಪೆಲ್ಲ ನೆಟ್ಟಗಿದ್ದೂ ತನ್ನ ನಿಜವನ್ನು ಮರೆತಿರುವುದು. ಅದಕ್ಕೂ ಮೆದುಳಿನ ರೋಗಕ್ಕೂ ಸಂಬಂಧವಿಲ್ಲ. "ಪೂಜೆ ಬಿಟ್ಟರು, ಅದಕ್ಕೇ ಹೀಗಾಯಿತು" ಎಂದು ರೋಗಿಯ ಮುಂದೆಯೇ ಆಡುವವರಿದ್ದಾರೆ. ಇದು ಶರಣರ ಮಾತೂ ಅಲ್ಲ, ವೈದ್ಯರ ಮಾತೂ ಅಲ್ಲ. ಆದರೆ ಕುರುಹು ಎಂಬ ಪದ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಅರಿವನ್ನು ಹಿಡಿದು ನಿಲ್ಲಿಸುವ ಗುರುತು ಅದು. ಮಗನ ಹೆಸರು ಹೇಳಲಾಗದ ವೃದ್ಧರು, ಕರಡಿಗೆಯನ್ನು ಕೈಗೆ ಕೊಟ್ಟೊಡನೆ ಎಡ ಅಂಗೈಯನ್ನು ತಾವಾಗಿ ಚಾಚಿ, ಮೂರು ಬೆರಳಿನಿಂದ ಹಣೆಗೆ ವಿಭೂತಿ ಧರಿಸಿ ಕಣ್ಣು ಮುಚ್ಚುವುದನ್ನು ನಾವು ಶ್ರೀಮಠದಲ್ಲಿ ಹಲವು ಬಾರಿ ಕಂಡಿದ್ದೇವೆ. ಅದನ್ನು ಪವಾಡವೆನ್ನಬೇಕಾಗಿಲ್ಲ. ಕನ್ನಡಿಯಲ್ಲಿ ನಕ್ಷತ್ರ ತಿದ್ದಿದ ಕೈಯ ನೆನಪೇ ಅದು, ಆರೇಳು ದಶಕಗಳ ಅಭ್ಯಾಸದಿಂದ ಬಲಿತದ್ದು. ವೇರಿಂಗ್ ಕೂಡ ಪಿಯಾನೋ ಮುಂದೆ ಕುಳಿತರೆ ತಪ್ಪದೆ ನುಡಿಸುತ್ತಿದ್ದರು. ನುಡಿಸುತ್ತಿರುವವರೆಗೆ ಅವರಿಗೆ ತಾನು ಯಾರೆಂಬ ಗೊಂದಲ ಇರುತ್ತಿರಲಿಲ್ಲ. ಪತ್ನಿ ಕೋಣೆಯೊಳಗೆ ಬಂದಾಗಲೆಲ್ಲ ವರ್ಷಗಳ ನಂತರ ಕಂಡಂತೆ ಸಂಭ್ರಮಿಸುತ್ತಿದ್ದರು. ಆಕೆಯನ್ನು ಗುರುತಿಸಲು ಎಂದೂ ತಪ್ಪಲಿಲ್ಲ.

ಆದುದರಿಂದ ಇಂಥವರನ್ನು ಪರೀಕ್ಷೆಗೆ ಒಡ್ಡುವುದು ಸಲ್ಲದು. "ಅಜ್ಜಾರ, ನಾ ಯಾರಂತ ಹೇಳ್ರಿ ನೋಡೋಣು" ಎಂದು ಮನೆಗೆ ಬಂದವರೆಲ್ಲ ಕೇಳುವುದು ನಮ್ಮ ಕಡೆ ವಾಡಿಕೆಯೇ ಆಗಿದೆ. ಪ್ರೀತಿಯಿಂದಲೇ ಕೇಳುತ್ತಾರೆ. ಆದರೆ ಉತ್ತರ ತಿಳಿಯದವರಿಗೆ ಅದು ದಿನಕ್ಕೆ ಹತ್ತು ಸಲ ಕಟಕಟೆಯಲ್ಲಿ ನಿಂತಂತೆ. ಅವರ ಬಳಿ ಇಲ್ಲದ ಪುರಾವೆಯನ್ನೇ ಕೇಳಿದಂತಾಗುತ್ತದೆ. ಅದರ ಬದಲು "ಅಜ್ಜಾರ, ನಾ ನಿಮ್ಮ ಮೊಮ್ಮಗಳು, ಧಾರವಾಡದಿಂದ ಬಂದೀನಿ" ಎಂದು ನಾವೇ ಹೇಳಿ ಕೈ ಹಿಡಿದು ಕೂಡಬಹುದು. ಹೊಲಕ್ಕೆ ಹೋಗಬೇಕೆಂದು ಹಟ ಹಿಡಿದರೆ, ಹೊಲ ಮಾರಿ ಇಪ್ಪತ್ತು ವರ್ಷವಾಯಿತೆಂದು ವಾದಿಸಿ ಗೆಲ್ಲುವುದರಿಂದ ಯಾರಿಗೂ ಲಾಭವಿಲ್ಲ; ಆ ಹೊಲದಲ್ಲಿ ಏನು ಬೆಳೆಯುತ್ತಿದ್ದಿರೆಂದು ಕೇಳಿದರೆ ಅರ್ಧ ಗಂಟೆ ಅವರು ರೈತರಾಗಿಯೇ ಇರುತ್ತಾರೆ.

ಮರೆವೆಲ್ಲವೂ ಮರಳಿಬಾರದ್ದೆಂದು ತಿಳಿಯುವುದೂ ತಪ್ಪು. ಥೈರಾಯ್ಡ್ ಕೊರತೆ, ಬಿ12 ಜೀವಸತ್ವದ ಕೊರತೆ, ಕೆಲವು ಮಾತ್ರೆಗಳ ಪರಿಣಾಮ, ಖಿನ್ನತೆ ಇವುಗಳಿಂದಲೂ ಮರೆವು ಬರುತ್ತದೆ, ಇವಕ್ಕೆ ಚಿಕಿತ್ಸೆಯಿದೆ. ಬಿ12 ಮುಖ್ಯವಾಗಿ ಮಾಂಸಾಹಾರ, ಮೊಟ್ಟೆ, ಹಾಲುಗಳಲ್ಲಿ ಇರುವುದರಿಂದ ಶಾಕಾಹಾರಿಗಳಾದ ನಮ್ಮ ಹಿರಿಯರಲ್ಲಿ, ವಿಶೇಷವಾಗಿ ಹಾಲು ಮೊಸರು ಕಡಿಮೆ ಮಾಡಿದವರಲ್ಲಿ, ಇದನ್ನು ರಕ್ತಪರೀಕ್ಷೆಯಿಂದ ತಿಳಿದುಕೊಳ್ಳುವುದು ಅಗತ್ಯ. ಒಂದೆರಡು ದಿನಗಳಲ್ಲಿ ಹಠಾತ್ತನೆ ಗೊಂದಲ ಕಾಣಿಸಿಕೊಂಡರೆ ಅದು ಸೋಂಕಿನ ಅಥವಾ ಪಾರ್ಶ್ವವಾಯುವಿನ ಲಕ್ಷಣವಾಗಿರಬಹುದು. ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಹಿರಿಯ ನಾಗರಿಕರ ಸಹಾಯವಾಣಿ 14567ಕ್ಕೆ ಕರೆ ಮಾಡಿಯೂ ಮಾರ್ಗದರ್ಶನ ಪಡೆಯಬಹುದು.

ಮರೆವಿನ ಆರಂಭದ ಹಂತದಲ್ಲಿರುವವರ ಮನೆಯವರು ಒಂದು ಕೆಲಸವನ್ನು ತಡಮಾಡದೆ ಮಾಡಬೇಕೆಂಬುದು ನಮ್ಮ ಕೋರಿಕೆ. ಅವರ ಬದುಕಿನ ಸಂಗತಿಗಳನ್ನು ಅವರ ಬಾಯಿಂದಲೇ ಕೇಳಿ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಿ, ಒಂದು ನೋಟುಬುಕ್ಕಿನಲ್ಲಿಯೂ ದೊಡ್ಡ ಅಕ್ಷರಗಳಲ್ಲಿ ಬರೆದಿಡಿ. ಹುಟ್ಟಿದ ಊರು, ತಾಯಿಯ ತವರು, ಕಲಿಸಿದ ಮಾಸ್ತರರು, ಮೊದಲ ಸಂಬಳ, ಇಷ್ಟದ ಅಡುಗೆ, ಯಾವ ಹಾಡು ಕೇಳಿದರೆ ತಲೆದೂಗುತ್ತಾರೆ, ಯಾವ ಮಾತಿಗೆ ಸಿಟ್ಟಾಗುತ್ತಾರೆ. ಮುಂದೊಂದು ದಿನ ಅವರು ಅದನ್ನು ತಮ್ಮದೆಂದು ಒಪ್ಪದೆಯೂ ಇರಬಹುದು, ಯಾರದೋ ಕಥೆಯಂತೆ ಕೇಳಬಹುದು. ಆಗಲೂ ಅದನ್ನು ಓದಿ ಹೇಳುವವರು ಮನೆಯಲ್ಲಿ ಒಬ್ಬರಿರಬೇಕು. ಹೊರಗೆ ಹೋಗುವಾಗ ಅವರ ಅಂಗಿಯ ಜೇಬಿನಲ್ಲಿ, ಸೀರೆಯಾದರೆ ಸೊಂಟದ ಚೀಲದಲ್ಲಿ, ಮನೆಯವರ ಹೆಸರು ಮತ್ತು ದೂರವಾಣಿ ಸಂಖ್ಯೆ ಬರೆದ ಚೀಟಿ ಇರಲಿ. ಜಾತ್ರೆಯ ದಿನಗಳಲ್ಲಿ ಅಂಥ ಚೀಟಿಯಿದ್ದವರನ್ನು ನಮ್ಮ ಸ್ವಯಂಸೇವಕರು ದಾಸೋಹ ಮನೆಯ ಪಕ್ಕದ ವಿಚಾರಣಾ ಕೊಠಡಿಗೆ ಕರೆತಂದು, ಮನೆಯವರು ಬರುವವರೆಗೆ ಪ್ರಸಾದ ಮಾಡಿಸಿ ಕೂಡಿಸಿಕೊಳ್ಳುತ್ತಾರೆ.